ಸಮುದ್ರದ ಮೇಲೊಂದು ಸಂಚಕಾರ: ಹಡಗಿನಲ್ಲಿ ಇರುವಾಗಲೇ ಮುಂದಿನ ಕ್ರೂಸ್ ಬುಕ್ ಮಾಡುವುದು ಹೇಗೆ?

ನಮ್ಮ ಕಡೆ ಹೊಲದ ವ್ಯಾಪಾರ ಇರಲಿ, ಎತ್ತಿನ ವ್ಯಾಪಾರ ಇರಲಿ, ಮಾತು ಮುಗಿದ ಕೂಡಲೇ ಎದುರಿನವರ ಕೈಗೆ ಒಂದಿಷ್ಟು ದುಡ್ಡು ಇಡುತ್ತಾರೆ. ಹಿರಿಯರು ಅದಕ್ಕೆ ಸಂಚಕಾರ ಅಂತಾರೆ. ಸಂಚಕಾರ ಕೊಟ್ಟರೆ ಮಾತು ಗಟ್ಟಿ. ಅದೇ ಶಬ್ದ ಪೇಪರಿನಲ್ಲಿ ಬಂದರೆ ಅರ್ಥವೇ ಬೇರೆ. ‘ಬೆಳೆಗೆ ಸಂಚಕಾರ’, ‘ಜೀವಕ್ಕೆ ಸಂಚಕಾರ’. ಅಂದ್ರೆ ಕುತ್ತು. ಮುಂಗಡಕ್ಕೂ ಆಪತ್ತಿಗೂ ಒಂದೇ ಶಬ್ದ ಯಾಕೆ ಅಂತ ನಾನು ಸುಮಾರು ಸಲ ಯೋಚಿಸಿದ್ದೆ. ಉತ್ತರ ಸಿಕ್ಕಿದ್ದು ಸಿಂಗಾಪುರದಿಂದ ಹೊರಟ ಹಡಗಿನ ಐದನೇ ಡೆಕ್ಕಿನಲ್ಲಿ, ಒಂದು ಚಂದದ ಟೇಬಲ್ ಮುಂದೆ.

ಬಾಗಲಕೋಟೆಯ ನವನಗರದಲ್ಲಿ ನಮ್ಮದು ಬಟ್ಟೆ ಅಂಗಡಿ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಜೊತೆಗೆ ಲಗ್ನದ ಬಟ್ಟೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಬಿಟ್ಟುಕೊಟ್ಟು ಇಲ್ಲಿಗೆ ಬಂದವರು ನಾವು. ನೀರು ಅಂದ್ರೆ ನಮಗೆ ಪರಿಹಾರದ ಅರ್ಜಿ ನೆನಪಾಗುತ್ತಿತ್ತು, ಪ್ರವಾಸ ಅಲ್ಲ. ಅಂಥವರು ಮೊದಲ ಸಲ ಹಡಗು ಹತ್ತಿ, ನಾಲ್ಕು ರಾತ್ರಿ ಸಮುದ್ರ ನೋಡಿ, ಹೊಟ್ಟೆ ತುಂಬ ಉಂಡು ಆ ಟೇಬಲ್ ಮುಂದೆ ಕೂತರೆ ಏನಾಗಬೇಕು? ಹತ್ತು ನಿಮಿಷದಲ್ಲಿ ಮುಂದಿನ ವರ್ಷದ ಪ್ರವಾಸಕ್ಕೆ ಸಹಿ ಹಾಕಿ ಎದ್ದೆ.

ಊರಿಗೆ ಬಂದ ಮೇಲೆ ನಮ್ಮ ಮನೆಯವರು ಆ ತಾರೀಖನ್ನು ಪಂಚಾಂಗದ ಜೊತೆ ಹೊಂದಿಸಿ ನೋಡಿದರು. "ದೀಪಾವಳಿ ಎದುರಿಗೆ ಅಂಗಡಿ ಮುಚ್ಚಿ ಎಲ್ಲಿಗ್ರೀ ಹೋಗೂದು?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊಟ್ಟ ಮುಂಗಡ ವಾಪಸ್ ಬರುವಂಥದ್ದಲ್ಲ. ತಾರೀಖು ಬದಲಿಸಲು ತಲೆಗೆ 100 ಡಾಲರ್. ಆ ಕಂಪನಿಯ ಹೆಸರು ಬೇಡ. ಶರತ್ತು ಕಾಗದದಲ್ಲೇ ಇತ್ತು, ಓದದೇ ಇದ್ದದ್ದು ನಾನು.

ಆಮೇಲೆ ಇನ್ನೊಂದು ಸಲ ಹೋದೆವು. ಆಗಲೂ ಹಡಗಿನಲ್ಲೇ ಬುಕ್ ಮಾಡಿದೆವು. ಈ ಸಲ ಲೆಕ್ಕ ಸರಿ ಬಂತು. ಎರಡು ಸಲಕ್ಕೂ ಇದ್ದ ಫರಕು ಇಷ್ಟೇ. ಮೊದಲ ಸಲ ಯೋಚನೆ, ಸಹಿ ಎರಡೂ ಹಡಗಿನಲ್ಲಿ ಆಗಿದ್ದವು. ಎರಡನೇ ಸಲ ಯೋಚನೆ ನವನಗರದಲ್ಲಿ, ಸಹಿ ಮಾತ್ರ ಹಡಗಿನಲ್ಲಿ.

ಆ ಟೇಬಲ್‌ನಲ್ಲಿ ಮಾರುವುದು ಏನು?

ದೊಡ್ಡ ಕ್ರೂಸ್ ಹಡಗುಗಳಲ್ಲಿ ಮುಂದಿನ ಪ್ರವಾಸ ಬುಕ್ ಮಾಡಿಸಲೆಂದೇ ಒಂದು ಡೆಸ್ಕ್ ಇರುತ್ತದೆ. ರಾಯಲ್ ಕೆರಿಬಿಯನ್ ಕಂಪನಿಯವರು ಅದಕ್ಕೆ ನೆಕ್ಸ್ಟ್‌ಕ್ರೂಸ್ ಅಂತಾರೆ. ನಾರ್ವೇಜಿಯನ್ ಕಂಪನಿಯವರು ಅದನ್ನೇ ತಿರುಗಿಸಿ ಕ್ರೂಸ್‌ನೆಕ್ಸ್ಟ್ ಅಂತಾರೆ. ಬಹಳಷ್ಟು ಕಡೆ ಸುಮ್ನೆ ಫ್ಯೂಚರ್ ಕ್ರೂಸ್ ಡೆಸ್ಕ್.

ಅಲ್ಲಿ ಬುಕ್ ಮಾಡಿದರೆ ಸಿಗುವ ಲಾಭ ಸಾಮಾನ್ಯವಾಗಿ ಎರಡು. ಒಂದು, ಮುಂಗಡ ಕಡಿಮೆ. ಎರಡು, ಆನ್‌ಬೋರ್ಡ್ ಕ್ರೆಡಿಟ್. ಅಂದ್ರೆ ಮುಂದಿನ ಹಡಗಿನಲ್ಲಿ ಕಾಫಿಗೋ, ವೈಫೈಗೋ, ಊರು ಸುತ್ತುವ ಟೂರಿಗೋ ಖರ್ಚು ಮಾಡಲು ಅವರೇ ಹಾಕಿಕೊಡುವ ಡಾಲರ್. ನಮ್ಮ ಅಂಗಡಿಯ ಕೂಪನ್ ಇದ್ದ ಹಾಗೆ. ನಗದು ಅಲ್ಲ, ಅಲ್ಲೇ ಖಾಲಿ ಮಾಡಬೇಕು. ಕೆಲವೊಮ್ಮೆ ದರದಲ್ಲೂ ರಿಯಾಯಿತಿ ಇರುತ್ತದೆ.

ಕಂಪನಿಯವರು ಇಷ್ಟೆಲ್ಲ ಯಾಕೆ ಕೊಡುತ್ತಾರೆ? ಬನಶಂಕರಿ ಜಾತ್ರೆಯಲ್ಲಿ ಮಗುವನ್ನು ಹೆಗಲ ಮೇಲೆ ಹೊತ್ತ ಅಪ್ಪನನ್ನು ನೋಡಿ. ಆಟಿಗೆಯವನು ಕರೆಯುವುದು ಅವನನ್ನೇ. ಖುಷಿಯಲ್ಲಿ ಇರುವವನು ಚೌಕಾಸಿ ಮಾಡಲ್ಲ ಅಂತ ಅವನಿಗೆ ಗೊತ್ತು. ಹಡಗಿನವರಿಗೂ ಗೊತ್ತು. ಅದರಲ್ಲಿ ಮೋಸ ಏನಿಲ್ಲ. ನಾನೂ ವ್ಯಾಪಾರಿಯೇ, ಗಿರಾಕಿ ನಗುತ್ತಿರುವಾಗಲೇ ಇನ್ನೊಂದು ಸೀರೆ ಬಿಚ್ಚಿ ತೋರಿಸುತ್ತೇನೆ.

ಬುಕಿಂಗ್‌ನಲ್ಲಿ ಎರಡು ಬಗೆ ಇವೆ. ಇದನ್ನು ಮೊದಲೇ ತಿಳಿದುಕೊಂಡಿರಿ. ಒಂದು, ಇಂಥ ಹಡಗು, ಇಂಥ ತಾರೀಖು, ಇಂಥ ಕೋಣೆ ಅಂತ ಗೊತ್ತು ಮಾಡಿ ಮುಂಗಡ ಕಟ್ಟುವುದು. ಇನ್ನೊಂದು, ತಾರೀಖು ಗೊತ್ತಿಲ್ಲದೆ ಬರೀ ಮುಂಗಡ ಇಟ್ಟು ಬರುವುದು. ಊರಿಗೆ ಹೋಗಿ ನಿಧಾನವಾಗಿ ಹಡಗು ಆರಿಸಬಹುದು. ಪ್ರಿನ್ಸೆಸ್ ಕಂಪನಿಯ ಫ್ಯೂಚರ್ ಕ್ರೂಸ್ ಡಿಪಾಸಿಟ್ ಈ ಎರಡನೇ ಬಗೆಯದು. ತಲೆಗೆ 100 ಡಾಲರ್, ಎರಡು ವರ್ಷದ ಅವಧಿ. ಡಿಸ್ನಿ ಹಡಗುಗಳಲ್ಲಿ ಇದಕ್ಕೆ ಪ್ಲೇಸ್‌ಹೋಲ್ಡರ್ ಅನ್ನುತ್ತಾರೆ. ಹೆಸರೇ ಹೇಳುವಂತೆ ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಆದರೆ ಎಲ್ಲ ಟವೆಲ್ ಒಂದೇ ಅಲ್ಲ. ನಾರ್ವೇಜಿಯನ್‌ನ ಕ್ರೂಸ್‌ನೆಕ್ಸ್ಟ್‌ಗೆ ಕೊಟ್ಟ ದುಡ್ಡು ನಗದಾಗಿ ವಾಪಸ್ ಬರುವುದಿಲ್ಲ, ಅವರ ಹಡಗಿನಲ್ಲೇ ಬಳಸಬೇಕು.

ನನ್ನ ಅಭಿಪ್ರಾಯ ಕೇಳಿದರೆ, ನಮ್ಮಂಥ ಅಂಗಡಿಯವರಿಗೆ, ಮನೆಯಲ್ಲಿ ಲಗ್ನಕ್ಕೆ ಬಂದ ಮಕ್ಕಳು ಇರುವವರಿಗೆ ಎರಡನೇ ಬಗೆಯೇ ಮೇಲು. ವಾಪಸ್ ಬರುವ ಮುಂಗಡ ಆದರೆ ಮಾತ್ರ.

ಇನ್ನೊಂದು ಮಾತು. ಬೆಳಗಾವಿ, ವಿಜಯಪುರ ಕಡೆಯ ಬಹಳ ಜನ ಮೊದಲು ಹತ್ತುವುದು ಮುಂಬೈನಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗನ್ನು. 1990ರಲ್ಲಿ ರಾಯಲ್ ಕೆರಿಬಿಯನ್‌ನಲ್ಲಿ ಓಡಲು ಶುರು ಮಾಡಿದ ಹಡಗು ಅದು, 2021ರಿಂದ ನಮ್ಮ ಕಡಲಿನಲ್ಲಿದೆ. ಅಂಥ ಎರಡು, ಮೂರು ರಾತ್ರಿಯ ಪ್ರವಾಸಕ್ಕೆ ಒಂದು ವರ್ಷ ಮೊದಲೇ ದುಡ್ಡು ಕಟ್ಟಿ ಕೂರುವ ಅಗತ್ಯ ನನಗೆ ಕಾಣುವುದಿಲ್ಲ. ಬೆಳಗಾವಿಯಿಂದ ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಮುಂಬೈ. ಮನಸ್ಸಾದಾಗ ಹೋಗಬಹುದು. ಈ ಲೇಖನ ಸಿಂಗಾಪುರ, ಯುರೋಪ್, ಅಲಾಸ್ಕಾದಂಥ ದೂರದ, ದುಬಾರಿ ಪ್ರವಾಸದವರಿಗೆ. ಮೊದಲ ಹಡಗಿನಲ್ಲೇ ತಲೆ ಸುತ್ತಿ ವಾಂತಿ ಮಾಡಿಕೊಂಡವರು ಆ ಡೆಸ್ಕಿನ ಕಡೆ ಹೋಗಲೇಬೇಡಿ. ಊರಿಗೆ ಬಂದು ಆರು ತಿಂಗಳು ಬಿಟ್ಟು ಯೋಚಿಸಿ.

ಹಡಗು ಹತ್ತುವ ಮೊದಲು, ಮನೆಯಲ್ಲಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಫೋನಿನಲ್ಲಿ ಬರೆದರೂ ಆಗುತ್ತದೆ, ಆದರೆ ಹಡಗಿನಲ್ಲಿ ಫೋನ್ ಬರೀ ಫೋಟೊಕ್ಕೆ ಅಂತ ಆಗಿಬಿಡುತ್ತದೆ.

ಮೊದಲು ಹೋಗಲು ಆಗದ ದಿನಗಳನ್ನು ಬರೆಯಿರಿ. ಹೋಗಬೇಕಾದ ದಿನಗಳನ್ನು ಅಲ್ಲ. ನಮಗೆ ದೀಪಾವಳಿ, ನಾಗರ ಪಂಚಮಿ, ಬೇಸಿಗೆಯ ಲಗ್ನದ ಸೀಸನ್. ಇಷ್ಟನ್ನು ಹೊಡೆದು ಹಾಕಿದರೆ ಉಳಿಯುವುದು ಆಷಾಢ. ಮಂಗಳ ಕಾರ್ಯ ಇಲ್ಲ, ಗಿರಾಕಿ ಇಲ್ಲ, ಹೋಗಿ ಬರಲು ಅದೇ ಸರಿ. ಮುಧೋಳ, ಜಮಖಂಡಿ ಕಡೆಯ ಕಬ್ಬಿನವರಿಗೆ ಲೆಕ್ಕವೇ ಬೇರೆ. ಕಾರ್ಖಾನೆ ಶುರುವಾದ ಮೇಲೆ ಕಬ್ಬು ಕಡಿಯುವ ಗ್ಯಾಂಗ್ ಯಾವಾಗ ಬರುತ್ತದೆ ಅಂತ ಕಾಯುತ್ತ ಇರಬೇಕು. ಅವರು ಚಳಿಗಾಲದ ತಾರೀಖು ಹಿಡಿದರೆ ಹಡಗಿನಲ್ಲಿ ಕೂತು ಹೊಲದ ಚಿಂತೆ ಮಾಡುತ್ತಾರೆ. ಮಕ್ಕಳಿದ್ದರೆ ಶಾಲೆಯ ರಜೆ. ನಮ್ಮ ಹಬ್ಬಗಳು ಪ್ರತಿ ವರ್ಷ ಹಿಂದೆ ಮುಂದೆ ಸರಿಯುತ್ತವೆ. ಹೋದ ವರ್ಷದ ತಾರೀಖು ನೆನಪಿನಲ್ಲಿ ಇಟ್ಟುಕೊಂಡು ಬುಕ್ ಮಾಡಿದ್ದೇ ನನ್ನ ತಪ್ಪು. ಮುಂದಿನ ವರ್ಷದ ಹಬ್ಬದ ತಾರೀಖು ಅಂತರ್ಜಾಲದಲ್ಲಿ ಸಿಗುತ್ತದೆ, ಬರೆದುಕೊಂಡು ಹೋಗಿ.

ಆಮೇಲೆ ಸಮುದ್ರದ ಪಂಚಾಂಗ ನೋಡಿ. ಅಲಾಸ್ಕಾದ ಹಡಗುಗಳ ಹಂಗಾಮು ಮುಖ್ಯವಾಗಿ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ. ಮೆಡಿಟರೇನಿಯನ್‌ಗೆ ಏಪ್ರಿಲ್‌ನಿಂದ ಅಕ್ಟೋಬರ್ ಹದವಾದ ಕಾಲ. ಕೆರಿಬಿಯನ್‌ನಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ ಅಂತ ಲೆಕ್ಕ. ಆಗ ದರ ಇಳಿದಿರುತ್ತದೆ, ದಾರಿ ಬದಲಾಗುವ ಸಾಧ್ಯತೆಯೂ ಇರುತ್ತದೆ. ಸಿಂಗಾಪುರದಿಂದ ವರ್ಷ ಪೂರ್ತಿ ಹಡಗು ಸಿಗುತ್ತವೆ. ಆದರೆ ಡಿಸೆಂಬರ್, ಜನವರಿಯಲ್ಲಿ ಈಶಾನ್ಯ ಮಾರುತದಿಂದ ದಕ್ಷಿಣ ಚೀನಾ ಸಮುದ್ರ ಸ್ವಲ್ಪ ಕುಣಿಯುತ್ತದೆ.

ಎರಡು ಪಂಚಾಂಗ ಸೇರಿಸಿ ಎರಡೋ ಮೂರೋ ಪ್ರವಾಸ ಆರಿಸಿ. ಪ್ರತಿಯೊಂದರ ಇವತ್ತಿನ ದರ ಬರೆದುಕೊಳ್ಳಿ. ಕಂಪನಿಯ ವೆಬ್‌ಸೈಟ್‌ನಲ್ಲಿ ಇರುವ ದರ ಒಂದು, ನಮ್ಮ ದೇಶದ ಏಜೆಂಟ್ ರೂಪಾಯಿಯಲ್ಲಿ ಹೇಳಿದ ದರ ಇನ್ನೊಂದು. ತೆರಿಗೆ, ಬಂದರಿನ ಶುಲ್ಕ ಸೇರಿದೆಯೋ ಇಲ್ಲವೋ ಅದನ್ನೂ ಪಕ್ಕದಲ್ಲಿ ಬರೆಯಿರಿ. ಹಡಗಿನ ಡೆಸ್ಕಿನಲ್ಲಿ ‘ಇವತ್ತಿಗೆ ಮಾತ್ರ’ ಅಂದಾಗ ಈ ಪುಟವೇ ನಿಮ್ಮ ತಕ್ಕಡಿ. ಪುಟ ಇಲ್ಲದಿದ್ದರೆ ಅವರು ಹೇಳಿದ್ದೇ ರೇಟು.

ವೀಸಾದ ಲೆಕ್ಕವನ್ನೂ ಇಲ್ಲೇ ಮುಗಿಸಿ. ಯುರೋಪಿಗೆ ಬೇಕಾಗುವ ಶೆಂಗೆನ್ ವೀಸಾಕ್ಕೆ ಹೊರಡುವ ಆರು ತಿಂಗಳಿಗಿಂತ ಮೊದಲು ಅರ್ಜಿ ಹಾಕಲು ಬರುವುದಿಲ್ಲ. ನೀವು ಒಂದೂವರೆ ವರ್ಷ ಮುಂಚೆ ಬುಕ್ ಮಾಡುತ್ತೀರಿ ಅಂತಿಟ್ಟುಕೊಳ್ಳಿ. ಅಂದ್ರೆ ವೀಸಾ ಸಿಗುತ್ತದೋ ಇಲ್ಲವೋ ಗೊತ್ತಿಲ್ಲದೆಯೇ ಮುಂಗಡ ಕಟ್ಟುತ್ತೀರಿ. ಅಮೆರಿಕದ ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೋಗುವ ಹಡಗು ಸಾಮಾನ್ಯವಾಗಿ ನಡುವೆ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತದೆ. ಆಗ ನಮ್ಮ ಪಾಸ್‌ಪೋರ್ಟ್‌ನವರಿಗೆ ಎರಡೂ ದೇಶದ ಕಾಗದ ಬೇಕು. ಸಿಂಗಾಪುರದಿಂದ ಹೊರಟು ಮತ್ತೆ ಸಿಂಗಾಪುರಕ್ಕೇ ಬರುವ ಹಡಗಾದರೆ, ಅದು ಎರಡನೇ ಸಲ ದೇಶದ ಒಳಗೆ ಬಂದ ಹಾಗೆ. ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ಒಪ್ಪುವ ವೀಸಾ ಇರಬೇಕು. ಪಾಸ್‌ಪೋರ್ಟ್ ಅವಧಿ ಪ್ರವಾಸ ಮುಗಿದ ಮೇಲೂ ಆರು ತಿಂಗಳು ಉಳಿದಿರಲಿ. ವೀಸಾ ಕೈಗೆ ಬರದ ದೇಶದ ಪ್ರವಾಸಕ್ಕೆ ವಾಪಸ್ ಬಾರದ ಮುಂಗಡ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ರಿಯಾಯಿತಿ ಎಷ್ಟೇ ಇರಲಿ.

ಕೊನೆಗೆ ಏಜೆಂಟ್ ವಿಷಯ. ಬೆಳಗಾವಿ, ಹುಬ್ಬಳ್ಳಿಯ ನಿಮ್ಮ ಹಳೇ ಏಜೆಂಟ್ ಮೂಲಕವೇ ಹೋಗುವವರಾದರೆ ಅವರಿಗೆ ಮೊದಲೇ ಹೇಳಿ. "ಹಡಗಿನೊಳಗ ಬುಕ್ ಮಾಡಿದ್ರ ನಿಮ್ಮ ಹೆಸರಿಗೆ ಹಾಕಸ್ಬಹುದೇನ್ರೀ?" ಅಂತ ಕೇಳಿ. ಬಹಳ ಕಂಪನಿಗಳು ಒಪ್ಪುತ್ತವೆ. ಡೆಸ್ಕಿನಲ್ಲಿ ಏಜೆನ್ಸಿಯ ಹೆಸರು ಹೇಳಿದರೆ ಬುಕಿಂಗ್ ಅವರ ಕೈಗೇ ಹೋಗುತ್ತದೆ. ಹೇಳಲು ಮರೆತರೆ ಊರಿಗೆ ಬಂದ ಮೇಲೆ ವರ್ಗ ಮಾಡಿಸಬಹುದು, ಅದಕ್ಕೆ ದಿನಗಳ ಗಡುವು ಇರುತ್ತದೆ. ಏಜೆಂಟ್ ಇದ್ದರೆ ಮುಂದೆ ತಾರೀಖು ಬದಲಿಸುವುದು, ದರ ಇಳಿದಾಗ ಕೇಳುವುದು ಅವರ ಕೆಲಸ. ಇಲ್ಲದಿದ್ದರೆ ನೀವೇ ರಾತ್ರಿ ಹನ್ನೊಂದಕ್ಕೆ ವಿದೇಶದ ನಂಬರಿಗೆ ಫೋನ್ ಹಚ್ಚಿ ಸಂಗೀತ ಕೇಳುತ್ತ ಕೂರಬೇಕು.

ಯಾವ ದಿನ, ಯಾವ ಹೊತ್ತು?

ಕೊನೆಯ ದಿನ ಬೇಡ. ಎಲ್ಲರೂ ಅವತ್ತೇ ಬರುತ್ತಾರೆ. ಸಾಲು ನಿಂತಿರುತ್ತದೆ, ಕೂತವರಿಗೆ ಹಿಂದಿನವರ ಉಸಿರು ತಾಗುತ್ತದೆ. ಪ್ರಶ್ನೆ ಕೇಳಲು ಸಂಕೋಚ.

ಹಡಗು ಯಾವುದಾದರೂ ಊರಿನಲ್ಲಿ ನಿಂತ ದಿನ, ಜನ ಎಲ್ಲ ಕೆಳಗೆ ಇಳಿದು ಹೋದಾಗ ಡೆಸ್ಕ್ ತೆರೆದಿದ್ದರೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಅದು ಆಗದಿದ್ದರೆ ಸಮುದ್ರದಲ್ಲೇ ಕಳೆಯುವ ಮೊದಲ ದಿನ ಬೆಳಗ್ಗೆ. ಡೆಸ್ಕ್ ತೆರೆದಿರುವ ಹೊತ್ತು ಹಡಗಿನ ಆ್ಯಪಿನಲ್ಲಿ ಅಥವಾ ಕೋಣೆಗೆ ಬರುವ ದಿನಪತ್ರದಲ್ಲಿ ಇರುತ್ತದೆ. ಕೆಲವು ಕಡೆ ಮೊದಲೇ ಸಮಯ ಗೊತ್ತು ಮಾಡಬೇಕು. ಹಡಗಿನ ಗಡಿಯಾರವೇ ಬೇರೆ ಇರಬಹುದು, ಫೋನಿನ ಸಮಯ ನಂಬಬೇಡಿ.

ಎರಡು ಸಲ ಹೋಗಿ. ಇದು ನನ್ನ ಮುಖ್ಯ ಸಲಹೆ. ಮೊದಲ ಸಲ ಬರೀ ಕೇಳಿ, ದರದ ಚೀಟಿ ಬರೆಸಿಕೊಂಡು ಎದ್ದು ಬನ್ನಿ. ನಗುತ್ತಲೇ ಬನ್ನಿ. ರಾತ್ರಿ ಕೋಣೆಯಲ್ಲಿ ಕೂತು ನಿಮ್ಮ ನೋಟ್‌ಬುಕ್ ಜೊತೆ ಹೊಂದಿಸಿ ನೋಡಿ. ವೈಫೈ ತೆಗೆದುಕೊಂಡಿದ್ದರೆ ಚೀಟಿಯ ಫೋಟೊ ಏಜೆಂಟಿಗೂ ಊರಿನಲ್ಲಿರುವ ಮಗನಿಗೂ ಕಳಿಸಿ. ಮರುದಿನ ಹೋಗಿ ಸಹಿ ಹಾಕಿ. ಒಂದು ರಾತ್ರಿಯಲ್ಲಿ ಕೈ ತಪ್ಪಿ ಹೋಗುವ ರಿಯಾಯಿತಿ ನನಗಂತೂ ಇನ್ನೂ ಕಂಡಿಲ್ಲ.

ಸಹಿಗೆ ಮೊದಲು ಕೇಳಬೇಕಾದದ್ದು

ಮೊದಲ ಪ್ರಶ್ನೆ ಒಂದೇ. ಈ ಮುಂಗಡ ವಾಪಸ್ ಬರುತ್ತದೆಯೋ ಇಲ್ಲವೋ? ಒಂದೇ ಕೋಣೆಗೆ ಎರಡು ದರ ಇರಬಹುದು. ವಾಪಸ್ ಬರುವ ದರ ಸ್ವಲ್ಪ ಜಾಸ್ತಿ, ಬಾರದ್ದು ಕಡಿಮೆ. ಡೆಸ್ಕಿನ ಪರದೆಯಲ್ಲಿ ಮೊದಲು ಕಾಣುವುದು ಕಡಿಮೆಯದೇ. "ಇನ್ನೊಂದನ್ನೂ ತೋರಿಸಿ" ಅನ್ನಿ. ವ್ಯತ್ಯಾಸ ಎಷ್ಟು ಅಂತ ನೋಡಿ ತೀರ್ಮಾನ ಮಾಡಿ. ಬಾಯಿ ಮಾತಿನ ಉತ್ತರ ಸಾಲದು. ಕಾಗದದಲ್ಲಿ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಲು ಹೇಳಿ.

ವಾಪಸ್ ಬಾರದ್ದು ಅಂತಾದರೆ, ತಾರೀಖು ಬದಲಿಸಲು ಎಷ್ಟು? ತಲೆಗೆ ಎಷ್ಟು, ಕೋಣೆಗೆ ಎಷ್ಟು? ಹಡಗು ಬದಲಿಸಿದರೆ? ನಾಲ್ಕು ಜನರ ಕುಟುಂಬಕ್ಕೆ ತಲೆಗೆ 100 ಡಾಲರ್ ಅಂದ್ರೆ 400 ಆಗುತ್ತದೆ. ಆ ಹಣಕ್ಕೆ ನಮ್ಮ ಅಂಗಡಿಯಲ್ಲಿ ಒಳ್ಳೆಯ ರೇಷ್ಮೆ ಇಳಕಲ್ ಬರುತ್ತದೆ.

ಉಳಿದ ಹಣ ಯಾವ ದಿನದ ಒಳಗೆ ಕಟ್ಟಬೇಕು? ಸಾಮಾನ್ಯವಾಗಿ ಹೊರಡುವ 75ರಿಂದ 120 ದಿನ ಮೊದಲು. ಆ ದಿನದವರೆಗೆ ವಾಪಸ್ ಬರುವ ಬುಕಿಂಗ್ ಅನ್ನು ಚಿಂತೆ ಇಲ್ಲದೆ ರದ್ದು ಮಾಡಬಹುದು. ಅದರ ಮರುದಿನದಿಂದ ದಂಡ ಶುರು. ಹೊರಡುವ ದಿನ ಹತ್ತಿರ ಬಂದಷ್ಟೂ ದಂಡ ಏರುತ್ತದೆ. ಹಾಗಾಗಿ ಹೊರಡುವ ತಾರೀಖಿಗಿಂತ ಈ ತಾರೀಖು ಮುಖ್ಯ.

ಆನ್‌ಬೋರ್ಡ್ ಕ್ರೆಡಿಟ್ ಕೋಣೆಗೋ, ತಲೆಗೋ? ಈ ಪ್ರವಾಸದಲ್ಲೇ ಬಳಸಬಹುದೋ, ಮುಂದಿನದರಲ್ಲೋ? ಎಷ್ಟು ರಾತ್ರಿಗಿಂತ ಕಡಿಮೆ ಇದ್ದರೆ ಸಿಗುವುದಿಲ್ಲ? ಏಜೆಂಟ್ ಕೊಡುವ ಇನ್ನೊಂದು ರಿಯಾಯಿತಿ ಜೊತೆ ಸೇರುತ್ತದೋ? ಖರ್ಚಾಗದೆ ಉಳಿದರೆ ಬಹಳ ಕಡೆ ಅದು ಹೋದಂತೆಯೇ. ನಮ್ಮ ಎರಡನೇ ಪ್ರವಾಸದಲ್ಲಿ ಕೊನೆಯ ರಾತ್ರಿ 11 ಡಾಲರ್ ಉಳಿದಿತ್ತು. ಬಿಡಲು ಮನಸ್ಸು ಬರಲಿಲ್ಲ. ಒಂದು ಟೋಪಿ ತೆಗೆದುಕೊಂಡೆವು. ಅದು ಈಗ ನವನಗರದ ಮನೆಯಲ್ಲಿ ಕಾರು ತೊಳೆಯುವಾಗ ಬಳಕೆಯಲ್ಲಿದೆ.

ದರ ಮುಂದೆ ಇಳಿದರೆ ಏನು? ಉಳಿದ ಹಣ ಕಟ್ಟುವ ಮೊದಲು ಇಳಿದರೆ ಹೊಸ ದರಕ್ಕೆ ಬದಲಿಸಿಕೊಡುವ ಕಂಪನಿಗಳು ಇವೆ. ಆದರೆ ಬದಲಿಸುವಾಗ ಹಳೇ ಕ್ರೆಡಿಟ್ ಹೋಗಿಬಿಡಬಹುದು. ಅದನ್ನೂ ಕೇಳಿ.

ಟಿಪ್ಸ್ ಸೇರಿದೆಯೋ? ದೊಡ್ಡ ಕಂಪನಿಗಳಲ್ಲಿ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಟಿಪ್ಸ್ ತಾನಾಗಿ ಬಿಲ್ಲಿಗೆ ಬೀಳುತ್ತದೆ. 18 ಅಂತ ಹಿಡಿದರೆ ಇಬ್ಬರಿಗೆ ನಾಲ್ಕು ರಾತ್ರಿಗೆ 144 ಡಾಲರ್. ಟಿಕೆಟ್ ಅಗ್ಗ ಅಂತ ಹೋದವರು ಕೊನೆಯ ದಿನ ಬಿಲ್ ನೋಡಿ ಬೆಚ್ಚುವುದು ಇಲ್ಲೇ.

ಊಟದ ಪ್ರಶ್ನೆ ನಮ್ಮ ಜಿಲ್ಲೆಗಳವರಿಗೆ ಸಣ್ಣದಲ್ಲ. ಬೆಳಗಾವಿ ಕಡೆ ಜೈನ ಮನೆಗಳು ಬಹಳ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಊಟ ಬೇಕು ಅಂದರೆ ಬುಕ್ ಮಾಡುವಾಗಲೇ ಬರೆಸಿ, ಆಮೇಲೆ ಹೊರಡುವ ಮೊದಲು ಇನ್ನೊಮ್ಮೆ ನೆನಪಿಸಿ. ಸಿಂಗಾಪುರದಿಂದ ಹೊರಡುವ ಕೆಲವು ಹಡಗುಗಳಲ್ಲಿ ಭಾರತೀಯ ಸಸ್ಯಾಹಾರ ಸಿಗುತ್ತದೆ. ಅಲಾಸ್ಕಾದಲ್ಲಿ ಅಷ್ಟು ನಿರೀಕ್ಷೆ ಬೇಡ. ಮನೆಯಲ್ಲಿ ಮಾಡಿದ ರೊಟ್ಟಿ, ಪಲ್ಯ ಹಡಗಿನ ಒಳಗೆ ಬಿಡುವುದಿಲ್ಲ. ಸೀಲ್ ಮಾಡಿದ ಅಮೀನಗಡ ಕರದಂಟಿನ ಪೊಟ್ಟಣಕ್ಕೆ ನಮಗೆ ಯಾರೂ ಅಡ್ಡ ಬರಲಿಲ್ಲ.

ಹೆಸರು, ಅಡ್ಡಹೆಸರು

ಇದು ಸಣ್ಣದು ಅನ್ನಿಸುತ್ತದೆ, ಆದರೆ ನಮ್ಮವರು ಹೆಚ್ಚು ಎಡವುವುದು ಇಲ್ಲೇ. ನಮ್ಮ ಕಡೆ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಅಡ್ಡಹೆಸರೋ ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಉದ್ದುದ್ದ. ಡೆಸ್ಕಿನಲ್ಲಿ ಕೂತ ಫಿಲಿಪ್ಪೀನ್ಸ್‌ನ ಹುಡುಗಿಗೆ ಅದನ್ನು ಬಾಯಿಂದ ಹೇಳಿ ಬರೆಸುವುದು ಅವಳಿಗೂ ಕಷ್ಟ, ನಮಗೂ ಕಷ್ಟ. ಪಾಸ್‌ಪೋರ್ಟ್ ತೆಗೆದು ಕೊಡಿ. ಅದರಲ್ಲಿ ಅಡ್ಡಹೆಸರಿನ ಸಾಲಿನಲ್ಲಿ ಏನಿದೆಯೋ ಅದೇ ಇಲ್ಲೂ ಇರಬೇಕು. ಆಧಾರ್‌ನಲ್ಲಿ ಹೇಗಿದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಬರೆದಾದ ಮೇಲೆ ಪರದೆ ತಿರುಗಿಸಿ ತೋರಿಸಲು ಹೇಳಿ, ಒಂದೊಂದು ಅಕ್ಷರ ಓದಿ. ಹೊಸದಾಗಿ ಮದುವೆಯಾದ ಮಗಳು ಪಾಸ್‌ಪೋರ್ಟ್‌ನಲ್ಲಿ ಹೆಸರು ಬದಲಿಸುವವಳಿದ್ದರೆ, ಯಾವ ಹೆಸರಿನಲ್ಲಿ ಬುಕ್ ಮಾಡಬೇಕು ಅಂತ ಮೊದಲೇ ಕೇಳಿಕೊಳ್ಳಿ.

ಕೋಣೆ ಆರಿಸುವುದು: ಕಾಲಿಗೆ ಕೆಲಸ ಕೊಡಿ

ಊರಿನಲ್ಲಿ ಕೂತು ಬುಕ್ ಮಾಡುವವರಿಗೆ ಇಲ್ಲದ ಒಂದು ಅನುಕೂಲ ನಿಮಗಿದೆ. ನೀವು ಹಡಗಿನ ಒಳಗೇ ಇದ್ದೀರಿ. ಮುಂದಿನ ಪ್ರವಾಸ ಇದೇ ಹಡಗಿನಲ್ಲೋ, ಇದೇ ಮಾದರಿಯ ಇನ್ನೊಂದರಲ್ಲೋ ಆದರೆ ಈಗಲೇ ಓಡಾಡಿ ನೋಡಿ.

ರಾತ್ರಿ ಹನ್ನೊಂದರ ಮೇಲೆ ಒಂದು ಸುತ್ತು ಹಾಕಿ. ನಾಟಕದ ಹಾಲ್, ಡಾನ್ಸ್ ಇರುವ ಜಾಗ, ಈಜುಕೊಳದ ಡೆಕ್ ಎಲ್ಲಿವೆ ನೋಡಿ. ಅವುಗಳ ನೇರ ಕೆಳಗೆ ಅಥವಾ ಮೇಲೆ ಕೋಣೆ ಬೇಡ. ಬೆಳಗಿನ ಜಾವ ಕೊಳದ ಪಕ್ಕ ಕುರ್ಚಿ ಎಳೆಯುವ ಸದ್ದು ಕೆಳಗಿನ ಕೋಣೆಗೆ ಹಾಗೇ ಇಳಿಯುತ್ತದೆ. ಹಡಗು ತೂಗುವುದು ಮುಂದೆ, ಹಿಂದೆ, ಮೇಲಿನ ಡೆಕ್ಕುಗಳಲ್ಲಿ ಜಾಸ್ತಿ. ನಡುವೆ, ಕೆಳಗಿನ ಡೆಕ್ಕಿನಲ್ಲಿ ಕಡಿಮೆ. ಎತ್ತಿನ ಗಾಡಿಯಲ್ಲಿ ನಡುವೆ ಕೂತವರಿಗೂ ಹಿಂದೆ ಕಾಲು ಇಳಿಬಿಟ್ಟವರಿಗೂ ಇರುವ ವ್ಯತ್ಯಾಸವೇ. ಅವ್ವ, ಅಪ್ಪನನ್ನು ಕರೆದುಕೊಂಡು ಹೋಗುವವರು ಲಿಫ್ಟ್‌ನಿಂದ ಕೋಣೆಗೆ ಎಷ್ಟು ಹೆಜ್ಜೆ ಅಂತ ನಡೆದೇ ಎಣಿಸಿ. ದೊಡ್ಡ ಹಡಗಿನ ಓಣಿ ನಮ್ಮ ನವನಗರದ ಸೆಕ್ಟರ್ ರಸ್ತೆಗಿಂತ ಉದ್ದ ಅನ್ನಿಸುತ್ತದೆ, ಎಲ್ಲ ಬಾಗಿಲೂ ಒಂದೇ ತರಹ. ಪಕ್ಕದ ಕೋಣೆಗೆ ನಡುಬಾಗಿಲು ಇರುವ ಕೋಣೆಯಲ್ಲಿ ಆ ಕಡೆಯವರ ಜಗಳ ಈ ಕಡೆ ಕೇಳುತ್ತದೆ. ನಿಮ್ಮದೇ ಎರಡು ಕುಟುಂಬ ಆದರೆ ಅದೇ ಅನುಕೂಲ.

ಇಷ್ಟು ನೋಡಿ ಕೋಣೆಯ ನಂಬರ್ ಬರೆದುಕೊಂಡು ಹೋಗಿ. ಗ್ಯಾರಂಟಿ ಕೋಣೆ ಅಂತ ಅಗ್ಗದ ದರ ತೋರಿಸುತ್ತಾರೆ. ಅದರಲ್ಲಿ ನಂಬರ್ ಆರಿಸುವುದು ಕಂಪನಿ, ನೀವಲ್ಲ. ನೀವು ಮಾಡಿದ ಈ ಓಡಾಟ ಎಲ್ಲ ಅಲ್ಲಿಗೆ ದಂಡ.

ಬೇಗ ಬುಕ್ ಮಾಡುವುದರಿಂದ ನಿಜವಾಗಿ ಗೆಲ್ಲುವವರು ನಾಲ್ಕು ಜನರ ಕುಟುಂಬದವರು. ನಾಲ್ವರು ಮಲಗುವ ಕೋಣೆಗಳು ಹಡಗಿನಲ್ಲಿ ಕಡಿಮೆ, ಬೇಗ ಮುಗಿಯುತ್ತವೆ. ಒಬ್ಬರೇ ಹೋಗುವವರು ಮಾತ್ರ ಎಚ್ಚರ. ದರ ಹೇಳುವುದು ಒಂದು ಕೋಣೆಗೆ ಇಬ್ಬರು ಅನ್ನುವ ಲೆಕ್ಕದಲ್ಲಿ. ಒಬ್ಬರಿದ್ದರೂ ಬಹಳ ಸಲ ಇಬ್ಬರ ದುಡ್ಡು ಕೊಡಬೇಕಾಗುತ್ತದೆ.

ದುಡ್ಡಿನ ಲೆಕ್ಕ

ಮುಂಗಡವನ್ನು ಹಡಗಿನ ನಿಮ್ಮ ಖಾತೆಗೆ ಹಾಕಬಹುದು ಅಥವಾ ಕಾರ್ಡಿನಿಂದ ನೇರವಾಗಿ ತೆಗೆದುಕೊಳ್ಳಬಹುದು. ಎರಡೂ ಕೊನೆಗೆ ನಿಮ್ಮ ಕಾರ್ಡಿಗೇ ಬರುತ್ತವೆ. ಊರಿನಲ್ಲೇ ಕಾರ್ಡಿನ ವಿದೇಶ ಬಳಕೆಯನ್ನು ಬ್ಯಾಂಕ್ ಆ್ಯಪಿನಲ್ಲಿ ಆನ್ ಮಾಡಿಕೊಂಡು ಹೋಗಿ. ಪಿನ್ ನೆನಪಿರಲಿ. ನಡು ಸಮುದ್ರದಲ್ಲಿ ಒಟಿಪಿಗೆ ಕಾಯುವುದು ಮಳೆಗೆ ಕಾದ ಹಾಗೆ. ಹಡಗಿನ ಮೊಬೈಲ್ ಸಿಗ್ನಲ್ ಹಿಡಿದರೆ ಅದರ ಬಿಲ್ ಬೇರೆ ಬರುತ್ತದೆ, ಫೋನ್ ಏರ್‌ಪ್ಲೇನ್ ಮೋಡ್‌ನಲ್ಲೇ ಇರಲಿ.

ಯಂತ್ರ "ರೂಪಾಯಿಯಲ್ಲೋ ಡಾಲರ್‌ನಲ್ಲೋ" ಅಂತ ಕೇಳಿದರೆ ಡಾಲರ್ ಅನ್ನಿ. ರೂಪಾಯಿ ಒತ್ತಿದರೆ ವಿನಿಮಯ ದರ ಅವರು ಹಾಕಿದ್ದೇ, ಅದು ಸಾಮಾನ್ಯವಾಗಿ ದುಬಾರಿ.

ಒಂದು ಲೆಕ್ಕ ಮಾಡಿ ನೋಡೋಣ. ಡಾಲರ್‌ಗೆ 90 ರೂಪಾಯಿ ಅಂತ ಇಟ್ಟುಕೊಳ್ಳಿ. ಇಬ್ಬರ ಪ್ರವಾಸ 1,400 ಡಾಲರ್, ಮುಂಗಡ 200, ಹಡಗಿನಲ್ಲಿ ಬುಕ್ ಮಾಡಿದ್ದಕ್ಕೆ 50 ಡಾಲರ್ ಕ್ರೆಡಿಟ್. ಮುಂಗಡ 18,000 ರೂಪಾಯಿ ಆಯಿತು. ಬಹಳ ಕಾರ್ಡುಗಳು ವಿದೇಶದ ವ್ಯವಹಾರಕ್ಕೆ ಸುಮಾರು ಶೇ. 3.5 ಸೇರಿಸುತ್ತವೆ. ಅದು 630 ರೂಪಾಯಿ. ಆ 630ರ ಮೇಲೆ ಶೇ. 18 ಜಿಎಸ್‌ಟಿ, ಸುಮಾರು 113. ಒಟ್ಟು 18,743. ಇದೇನೂ ಭಾರ ಅಲ್ಲ. ಆದರೆ ಉಳಿದ 1,200 ಡಾಲರ್ ಕಟ್ಟುವುದು ಹತ್ತೋ ಹನ್ನೆರಡೋ ತಿಂಗಳ ಮೇಲೆ. ಅಷ್ಟರಲ್ಲಿ ಡಾಲರ್ 93 ಆದರೆ 3,600 ರೂಪಾಯಿ ಜಾಸ್ತಿ ಆಯಿತು. ನಿಮಗೆ ಸಿಕ್ಕ 50 ಡಾಲರ್ ಕ್ರೆಡಿಟ್ 4,500 ರೂಪಾಯಿ. ಉಳಿದದ್ದು 900. ಅದಕ್ಕೇ ಹೇಳುವುದು, ಕ್ರೆಡಿಟ್ ಆಸೆಗೆ ಬುಕ್ ಮಾಡಬೇಡಿ. ಬೇಕಾದ ತಾರೀಖು, ಬೇಕಾದ ಕೋಣೆ, ವಾಪಸ್ ಬರುವ ಮುಂಗಡ, ಈ ಮೂರೂ ಒಟ್ಟಿಗೆ ಸಿಕ್ಕರೆ ಬುಕ್ ಮಾಡಿ.

ನಮ್ಮ ದೇಶದ ಏಜೆಂಟ್ ಮೂಲಕ ವಿದೇಶ ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್, ಅಂದ್ರೆ ಮಾರುವವರೇ ಮುಂಚಿತವಾಗಿ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಾರೆ. ಬಜೆಟ್‌ಗಳಲ್ಲಿ ಅದರ ದರ ಬದಲಾಗುತ್ತ ಬಂದಿದೆ, ಕಟ್ಟುವ ದಿನ ಏಜೆಂಟರನ್ನೇ ಕೇಳಿ. ಅದು ಹೋದ ದುಡ್ಡಲ್ಲ. ರಿಟರ್ನ್ ಹಾಕುವಾಗ ನಿಮ್ಮ ತೆರಿಗೆಗೆ ಹೊಂದಿಕೆ ಆಗುತ್ತದೆ, ಹೆಚ್ಚಾಗಿದ್ದರೆ ವಾಪಸ್ ಬರುತ್ತದೆ. ಪ್ಯಾನ್ ಸರಿಯಾಗಿ ಬರೆಸಿ, ರಸೀದಿ ಇಟ್ಟುಕೊಳ್ಳಿ.

ಊರಿಗೆ ಬಂದ ವಾರದಲ್ಲೇ

ಹಡಗಿನಿಂದ ಇಳಿಯುವ ಮೊದಲೇ ಬುಕಿಂಗ್ ಮೇಲ್ ಬಂದಿದೆಯೋ ನೋಡಿ. ಡೆಸ್ಕಿನಲ್ಲಿ ಹೇಳಿದ ಮೇಲ್ ವಿಳಾಸದಲ್ಲಿ ಒಂದು ಅಕ್ಷರ ತಪ್ಪಿದರೂ ಅದು ಇನ್ಯಾರಿಗೋ ಹೋಗಿರುತ್ತದೆ. ಕಾಗದದ ಪ್ರತಿಯನ್ನೂ ಕೇಳಿ ತೆಗೆದುಕೊಳ್ಳಿ. ಊರಿಗೆ ಬಂದ ಮೇಲೆ ಬಟ್ಟೆ ಒಗೆಯುವುದು ಆಮೇಲೆ, ಮೊದಲು ಅದನ್ನು ಓದಿ. ಹೆಸರು, ತಾರೀಖು, ಕೋಣೆ ನಂಬರ್, ವಾಪಸ್ ಬರುವ ಮುಂಗಡವೇ ಅನ್ನುವ ಸಾಲು, ಕ್ರೆಡಿಟ್ ಎಷ್ಟು. ಕ್ರೆಡಿಟ್ ಬಾಯಿಯಲ್ಲಿ ಹೇಳಿ ಕಾಗದಕ್ಕೆ ಬರದೇ ಇದ್ದರೆ ಅವತ್ತೇ ಮೇಲ್ ಹಾಕಿ. ಏಜೆಂಟಿಗೆ ವರ್ಗ ಮಾಡುವುದಿದ್ದರೆ ಅದೂ ಅದೇ ವಾರ.

ವಿಮಾನದ ಟಿಕೆಟ್‌ಗೆ ಅವಸರ ಬೇಡ. ಹಡಗು ಬುಕ್ ಆದ ಖುಷಿಯಲ್ಲಿ ವಾಪಸ್ ಬಾರದ ವಿಮಾನ ಟಿಕೆಟ್ ತೆಗೆದುಕೊಂಡರೆ, ಹಡಗಿನಲ್ಲಿ ಇಟ್ಟುಕೊಂಡ ಸಡಿಲ ಇಲ್ಲಿ ಬಿಗಿಯಾಗುತ್ತದೆ. ವೀಸಾ ಬಂದ ಮೇಲೆ ನೋಡಿ. ಬಾಗಲಕೋಟೆ, ವಿಜಯಪುರದವರು ಹಡಗು ಹೊರಡುವ ದಿನವೇ ಆ ಊರು ತಲುಪುವ ಲೆಕ್ಕ ಹಾಕಬೇಡಿ. ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲೋ ಹುಬ್ಬಳ್ಳಿಯಲ್ಲೋ ಮಂಜು ಬಿದ್ದು ವಿಮಾನ ತಡವಾಗುತ್ತದೆ, ಮುಂದಿನ ವಿಮಾನ ತಪ್ಪುತ್ತದೆ. ಹಡಗು ನಿಮಗಾಗಿ ಕಾಯುವುದಿಲ್ಲ. ಒಂದು ದಿನ ಮೊದಲೇ ಅಲ್ಲಿರಿ.

ತಿಂಗಳಿಗೊಮ್ಮೆ ಅದೇ ಪ್ರವಾಸದ ದರ ನೋಡುತ್ತಿರಿ. ಇಳಿದಿದ್ದರೆ ಕೇಳಿ. ಉಳಿದ ಹಣ ಕಟ್ಟುವ ದಿನದ ನಂತರ ಕೇಳಿದರೆ ಪ್ರಯೋಜನ ಕಡಿಮೆ.

ಆ ದಿನ ಯಾವುದು ಅಂತ ಇವತ್ತೇ ಲೆಕ್ಕ ಹಾಕಿ ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಉದಾಹರಣೆಗೆ ಜುಲೈ 12ಕ್ಕೆ ಹೊರಡುವ ಹಡಗು, 90 ದಿನದ ಗಡುವು. ಹಿಂದಕ್ಕೆ ಎಣಿಸಿದರೆ ಏಪ್ರಿಲ್ 13 ಬರುತ್ತದೆ. ಮರುದಿನ ಅಂಬೇಡ್ಕರ್ ಜಯಂತಿ, ಬ್ಯಾಂಕ್ ರಜೆ. ನಿಮ್ಮ ಏಪ್ರಿಲ್ 13ಕ್ಕೂ ಕಂಪನಿಯ ಕಚೇರಿ ಇರುವ ದೇಶದ ಏಪ್ರಿಲ್ 13ಕ್ಕೂ ತಾಸುಗಳ ಅಂತರ ಬೇರೆ. ಒಂದು ವಾರ ಮೊದಲೇ, ಏಪ್ರಿಲ್ 6ಕ್ಕೆ ಗುರುತು ಹಾಕಿ. ನಮ್ಮ ಮನೆಯವರು ಈ ಸಲ ನನ್ನನ್ನು ನಂಬದೆ ತಾವೇ ಪೆನ್ನು ಹಿಡಿದು ಎರಡು ಕಡೆ ಸುತ್ತು ಹಾಕಿದ್ದಾರೆ. ಒಂದು ದುಡ್ಡು ಕಟ್ಟುವ ದಿನಕ್ಕೆ, ಇನ್ನೊಂದು ದೀಪಾವಳಿಗೆ.